ನಾಲ್ಕಡಿ ಪೆಟ್ಟಿಗೆಯೊಳಗೆ ಬಿಸಿಲು: ಕೆಂಚನ ಗೂಡಿಗೆ ಶಾಖ ಮತ್ತು ಬೆಳಕು ಕೂಡಿಸಿದ ಬಗೆ

ಪಶುವೈದ್ಯೆ ನಮ್ಮ ಸಾಕುಹಲ್ಲಿ ಕೆಂಚನ ಕೆಳದವಡೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಅದುಮಿದಾಗ ಅದು ಮೂಳೆಯಂತೆ ಗಟ್ಟಿಯಾಗಿ ನಿಲ್ಲಲಿಲ್ಲ. ಬಲಿತ ಬೆಂಡೆಕಾಯಿಯ ತುದಿ ಮುರಿಯದೆ ಬಾಗುವಂತೆ ಬಾಗಿತು. ಎಕ್ಸ್‌ರೇಯಲ್ಲಿ ಹಿಂಗಾಲಿನ ಮೂಳೆಗಳು ಬೆಳ್ಳಗೆ ಎದ್ದು ಕಾಣಬೇಕಾಗಿತ್ತು, ಆದರೆ ಸುತ್ತಲಿನ ಮಾಂಸದ ಬೂದುಬಣ್ಣದಲ್ಲಿ ಅರ್ಧ ಕರಗಿದಂತಿದ್ದವು. ಮೂಳೆ ಸವೆತ ಇನ್ನೂ ಆರಂಭದ ಹಂತದಲ್ಲಿದೆ, ಸುಣ್ಣದಂಶದ ಔಷಧಿಯನ್ನು ಇಂದೇ ಶುರು ಮಾಡೋಣ, ಆದರೆ ಗೂಡಿನ ಬೆಳಕು ಸರಿಹೋಗದಿದ್ದರೆ ಔಷಧಿಯಿಂದ ಹೆಚ್ಚು ಉಪಯೋಗವಿಲ್ಲ ಎಂದು ಆಕೆ ಹೇಳಿದರು. ಈ ಬರಹ ಆ ಮಾತಿನ ನಂತರ ನಾನು ಮಾಡಿದ ಕೆಲಸದ ದಾಖಲೆ.

ಕೆಂಚ ಆಗ ಹದಿನಾಲ್ಕು ತಿಂಗಳ ಗಂಡು ಬಿಯರ್ಡೆಡ್ ಡ್ರ್ಯಾಗನ್. ಮಧ್ಯ ಆಸ್ಟ್ರೇಲಿಯದ ಒಣನೆಲದಲ್ಲಿ ವಾಸಿಸುವ, ಪೊಗೊನಾ ವಿಟಿಸೆಪ್ಸ್ ಎಂಬ ಶಾಸ್ತ್ರೀಯ ಹೆಸರಿನ ಈ ಹಲ್ಲಿ ನಮ್ಮ ಬೇಲಿಯ ಓತಿಕ್ಯಾತ ಸೇರಿರುವ ಅಗಾಮಿಡೆ ಕುಟುಂಬಕ್ಕೇ ಸೇರಿದ್ದು. ಮೈಯ ಕೆಂಗಂದು ಬಣ್ಣ ನೋಡಿ ಮಗಳು ಅವನಿಗೆ ಈ ಹೆಸರಿಟ್ಟಳು. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಮ್ಮ ಬೀದಿಯಲ್ಲೇ ಇದ್ದ ಕುಟುಂಬವೊಂದು ಕಳೆದ ನವೆಂಬರಿನಲ್ಲಿ ದೂರದ ಊರಿಗೆ ಹೊರಟಾಗ ಅವನನ್ನು ನಮಗೆ ಒಪ್ಪಿಸಿತು. ಅವರು ಅವನನ್ನು ಪ್ರೀತಿಯಿಂದಲೇ ಸಾಕಿದ್ದರು. ದಿನವೂ ಸೊಪ್ಪು, ಹುಳು, ಶುದ್ಧ ನೀರು ಎಲ್ಲವೂ ಸಿಗುತ್ತಿದ್ದವು. ಅವನಿಗೆ ಸಿಗದೇ ಇದ್ದದ್ದು ಬಿಸಿಲು, ಅದು ಸಿಗುತ್ತಿಲ್ಲವೆಂದು ಅವರಿಗೆ ತಿಳಿಯುವ ಮಾರ್ಗವೂ ಇರಲಿಲ್ಲ. ನಾನೂ ಹನ್ನೊಂದು ದಿನ ಅದೇ ಗೂಡನ್ನು ಅದೇ ರೀತಿಯಲ್ಲಿ ನಡೆಸಿದೆ.

ಹಳೆಯ ಗೂಡನ್ನು ಅಳೆದದ್ದು

ವೈದ್ಯೆಯ ಬಳಿಯಿಂದ ಮರಳಿದ ಸಂಜೆ ಮೊದಲು ಮಾಡಿದ ಕೆಲಸವೆಂದರೆ ಅಳತೆ. ಇಲ್ಲಿನ ಸರೀಸೃಪ ಸಾಕುವವರ ಗುಂಪಿನ ಒಬ್ಬರು ಸೋಲಾರ್‌ಮೀಟರ್ 6.5 ಎಂಬ, ನೇರಳಾತೀತ ಸೂಚ್ಯಂಕವನ್ನು ನೇರವಾಗಿ ತೋರಿಸುವ ಮೀಟರನ್ನು ಎರವಲು ಕೊಟ್ಟರು. ಮೇಲ್ಮೈಯ ಉಷ್ಣತೆಯನ್ನು ದೂರದಿಂದಲೇ ಅಳೆಯುವ ಅವಕೆಂಪು ಥರ್ಮಾಮೀಟರು ನಮ್ಮ ಅಡುಗೆಮನೆಯಲ್ಲೇ ಇತ್ತು; ದೋಸೆ ಹಂಚಿನ ಕಾವು ನೋಡಲು ಕೊಂಡದ್ದು.

ಹಳೆಯ ಗೂಡು ತೊಂಬತ್ತು ಸೆಂಟಿಮೀಟರ್ ಉದ್ದದ ಗಾಜಿನ ತೊಟ್ಟಿ. ಮೇಲೆ ಕಬ್ಬಿಣದ ಸಣ್ಣ ಜಾಲರಿಯ ಮುಚ್ಚಳ, ಅದರ ಮೇಲೆ ಸುರುಳಿಯಾಕಾರದ ಒಂದು ಯುವಿಬಿ (ನೇರಳಾತೀತ ಕಿರಣಗಳಲ್ಲಿ ಒಂದು ಬಗೆ) ಬಲ್ಬು, ಪಕ್ಕದಲ್ಲಿ ಹಗಲೂ ರಾತ್ರಿಯೂ ಉರಿಯುವ ಕೆಂಪು ಬಲ್ಬು, ಒಳಗೆ ವಿದ್ಯುತ್ತಿನಿಂದ ಬಿಸಿಯಾಗುವ ಕೃತಕ ಕಲ್ಲು, ಗಾಜಿನ ಗೋಡೆಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್. ಆ ಮುಳ್ಳು 34 ಡಿಗ್ರಿ ತೋರಿಸುತ್ತಿತ್ತು. ಅದೇ ಹೊತ್ತಿಗೆ ಕೆಂಚ ಕೂರುವ ಕೊಂಬೆಯ ಮೇಲ್ಮೈ 29 ಡಿಗ್ರಿಯಷ್ಟೇ ಇತ್ತು, ಕೃತಕ ಕಲ್ಲಿನ ಒಂದು ಬಿಲ್ಲೆಯಗಲದ ಜಾಗ ಮಾತ್ರ 51 ಡಿಗ್ರಿ. ಅವನ ಹೊಟ್ಟೆಯ ಮೇಲೆ ಒರಟಾದ ಕಂದು ಕಲೆಯೊಂದಿತ್ತು. ಅದು ಸುಟ್ಟ ಗಾಯದ ಕಲೆಯೆಂದು ವೈದ್ಯೆ ಹೇಳಿದ್ದು ಆಗ ಅರ್ಥವಾಯಿತು. ಗೂಡಿನ ಉಳಿದ ಭಾಗ ತಣ್ಣಗಿದ್ದುದರಿಂದ ಅವನು ಅದೊಂದೇ ಬಿಸಿ ಜಾಗಕ್ಕೆ ಅಂಟಿಕೊಂಡು ಬೆಂದಿದ್ದ.

ನೇರಳಾತೀತ ಸೂಚ್ಯಂಕ, ಅವನ ಬೆನ್ನಿನ ಮಟ್ಟದಲ್ಲಿ, 0.2. ಇದು ಹವಾಮಾನ ವರದಿಯಲ್ಲಿ ಓದುವ ಸೂಚ್ಯಂಕವೇ. ನನ್ನೂರು ಚಿತ್ರದುರ್ಗದಲ್ಲಿ ಬೇಸಿಗೆಯ ನಡುಮಧ್ಯಾಹ್ನ ಅದು ಹತ್ತನ್ನು ದಾಟುತ್ತದೆ. ಲೀಡ್ಸಿನ ಡಿಸೆಂಬರಿನಲ್ಲಿ ಒಂದನ್ನು ಮುಟ್ಟುವುದೂ ಕಷ್ಟ. ತೊಟ್ಟಿ ದಕ್ಷಿಣದ ಕಿಟಕಿಯ ಪಕ್ಕದಲ್ಲಿತ್ತು, ಬಿಸಿಲು ಬಂದ ದಿನ ಅದರ ಮೇಲೆ ಚೆನ್ನಾಗಿ ಬೀಳುತ್ತಿತ್ತು, ಅದರಿಂದ ಒಂದಿಷ್ಟಾದರೂ ಪ್ರಯೋಜನವಿದೆಯೆಂದು ನಂಬಿದ್ದೆ. ಆದರೆ ಕಿಟಕಿಯ ಗಾಜು ಯುವಿಬಿ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಗಾಜಿನ ಒಳಗಿನಿಂದ ಮೀಟರನ್ನು ಸೂರ್ಯನ ಕಡೆಗೆ ಹಿಡಿದಾಗ ಅದು ಸೊನ್ನೆಯನ್ನೇ ತೋರಿಸಿತು. ಗಾಜಿನ ತೊಟ್ಟಿಯನ್ನು ನೇರ ಬಿಸಿಲಿನಲ್ಲಿ ಇಡುವುದರಿಂದ ಇನ್ನೊಂದು ಅಪಾಯವೂ ಇದೆ: ಯುವಿಬಿ ಒಳಗೆ ಬರುವುದಿಲ್ಲ, ಶಾಖ ಮಾತ್ರ ಬಂದು ಸಿಕ್ಕಿಹಾಕಿಕೊಳ್ಳುತ್ತದೆ, ಪ್ರಾಣಿಗೆ ಓಡಿಹೋಗಲು ನೆರಳಿರುವುದಿಲ್ಲ.

ಆ ವಾರ ಊರಿನಿಂದ ತಮ್ಮ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವನು ಕೇಳಿದ: "ಅಕ್ಕಾ, ನಮ್ಮ ಕೋಟೆ ಬಂಡೆ ಮೇಲೆ ಕೂತ್ಕೊಳ್ಳೋ ಓತಿಗೆ ಯಾರು ಲೈಟ್ ಹಾಕ್ತಾರೆ?" ಕೇಳಿದ್ದು ಸಹಜವಾಗಿಯೇ, ಆದರೆ ನಾನು ಆ ಚಿತ್ರವನ್ನು ಬಹಳ ಹೊತ್ತು ಯೋಚಿಸಿದೆ. ಚಿಕ್ಕಂದಿನಲ್ಲಿ ನೋಡಿದ ಆ ಬಂಡೆ ಓತಿ, ಮರಿ ಮಾಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪಾಗಿ ಪಕ್ಕೆಗಳು ಕಪ್ಪಾಗುವ ಜಾತಿ, ಬೆಳಿಗ್ಗೆ ಬಂಡೆಯ ಮೇಲೆ ಮೈ ಚಪ್ಪಟೆ ಮಾಡಿಕೊಂಡು ಕೂರುತ್ತಿತ್ತು. ಬಿಸಿಲೇರಿದರೆ ಬಿರುಕಿನೊಳಗೆ ಸರಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಅದಕ್ಕೆ ಶಾಖ, ಬೆಳಕು, ನೇರಳಾತೀತ ಕಿರಣ ಎಂಬ ಮೂರು ಬೇರೆ ಬೇರೆ ವಸ್ತುಗಳಿಲ್ಲ. ಒಂದೇ ಕಡೆಯಿಂದ, ಮೇಲಿನಿಂದ, ಒಟ್ಟಿಗೆ ಬೀಳುವ ಬಿಸಿಲು ಒಂದೇ. ಕೆಂಚನ ಹಳೆಯ ಗೂಡಿನಲ್ಲಿ ಶಾಖ ಕೆಳಗಿನಿಂದ, ನೇರಳಾತೀತ ಇನ್ನೊಂದು ತುದಿಯಿಂದ, ಬೆಳಕು ಎಲ್ಲಿಂದಲೂ ಸರಿಯಾಗಿ ಬಾರದೆ, ಬಿಸಿಲನ್ನು ಹರಿದು ಮೂರು ಮೂಲೆಗೆ ಹಾಕಿದಂತಿತ್ತು. (ತಮ್ಮನ ಗೆಳೆಯನೊಬ್ಬ ನಕ್ಷತ್ರ ಆಮೆ ತಂದು ಸಾಕುವ ಮಾತಾಡಿದ್ದನಂತೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಮ್ಮ ಕಾಡಿನ ಜೀವಿಯನ್ನು ಮನೆಗೆ ತರುವುದು ಬೇಡವೇ ಬೇಡ ಎಂದು ಅವನಿಗೆ ಹೇಳಿಸಿದೆ.)

ಮೂರನ್ನೂ ಒಂದೇ ಜಾಗಕ್ಕೆ ಏಕೆ ತರಬೇಕು

ಪ್ರಾಣಿಯ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ವಸ್ತುವಿರುತ್ತದೆ. ಅದರ ಮೇಲೆ ಯುವಿಬಿ ಬಿದ್ದಾಗ ಅದು ಪ್ರೀವಿಟಮಿನ್ ಡಿ3 ಆಗುತ್ತದೆ. ಆ ಪ್ರೀವಿಟಮಿನ್ ನಿಜವಾದ ವಿಟಮಿನ್ ಡಿ3 ಆಗಿ ಮಾರ್ಪಡಲು ಬೆಳಕು ಬೇಕಿಲ್ಲ, ಮೈಯ ಕಾವು ಬೇಕು. ನಮ್ಮಂಥ ಬಿಸಿರಕ್ತದ ಜೀವಿಗಳಿಗೆ ಆ ಕಾವು ಸದಾ ಒಳಗಿನಿಂದಲೇ ಸಿಗುತ್ತದೆ. ಹಲ್ಲಿಗೆ ಅದೂ ಹೊರಗಿನಿಂದಲೇ ಬರಬೇಕು. ಹೀಗಾಗಿ ತಣ್ಣಗಿರುವ ಮೂಲೆಯಲ್ಲಿ ಎಷ್ಟು ಒಳ್ಳೆಯ ಯುವಿಬಿ ಟ್ಯೂಬ್ ಹಾಕಿದರೂ ಅರ್ಧ ಕೆಲಸವೇ ಆಗುತ್ತದೆ, ಬಿಸಿ ಮೂಲೆಯಲ್ಲಿ ಯುವಿಬಿ ಇಲ್ಲದಿದ್ದರೆ ಕೆಲಸ ಶುರುವೇ ಆಗುವುದಿಲ್ಲ. ಡಿ3 ಇಲ್ಲದೆ ಕರುಳು ಆಹಾರದಲ್ಲಿರುವ ಸುಣ್ಣದಂಶವನ್ನು ಸರಿಯಾಗಿ ಹೀರಿಕೊಳ್ಳಲಾರದು, ಆಗ ದೇಹ ತನಗೆ ಬೇಕಾದದ್ದನ್ನು ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಕೆಂಚನ ದವಡೆ ಬಾಗಿದ್ದು ಹೀಗೆ. ಇದನ್ನು ಓದಿ ತಿಳಿದಾಗ ನನಗೆ ಗೂಡಿನ ನಕ್ಷೆ ತಾನಾಗಿ ಸ್ಪಷ್ಟವಾಯಿತು, ಏಕೆಂದರೆ ಅಲ್ಲಿಯವರೆಗೆ ದೀಪಗಳನ್ನು ಜಾಗವಿದ್ದಲ್ಲಿ ತೂಗುಹಾಕುವ ಸಾಮಾನುಗಳೆಂದು ಎಣಿಸಿದ್ದೆ.

ಯಾವ ಬಗೆಯ ಶಾಖ ಎಂಬುದೂ ಮುಖ್ಯ. ನೆಲಕ್ಕೆ ತಲುಪುವ ಬಿಸಿಲಿನ ಅವಕೆಂಪು ಕಿರಣಗಳಲ್ಲಿ ಹೆಚ್ಚಿನವು ಕಿರಿದಾದ ತರಂಗಾಂತರದವು. ಅವು ಚರ್ಮವನ್ನು ದಾಟಿ ಸ್ವಲ್ಪ ಆಳದ ಮಾಂಸವನ್ನೂ ಕಾಯಿಸುತ್ತವೆ. ಹ್ಯಾಲೊಜೆನ್ ದೀಪ ಅಂಥ ಕಿರಣಗಳನ್ನು ಧಾರಾಳವಾಗಿ ಕೊಡುತ್ತದೆ. ಬೆಳಕೇ ಇಲ್ಲದ ಸೆರಾಮಿಕ್ ಹೀಟರು ಕೊಡುವುದು ಬಹುಪಾಲು ಉದ್ದ ತರಂಗಾಂತರದ ಶಾಖ, ಅದು ಚರ್ಮದ ಮೇಲ್ಪದರದಲ್ಲೇ ನಿಲ್ಲುತ್ತದೆ. ಹೀಗಾಗಿ ಹಗಲಿಗೆ ಹ್ಯಾಲೊಜೆನ್, ರಾತ್ರಿಗೆ ಬೇಕಾದರೆ ಮಾತ್ರ ಸೆರಾಮಿಕ್ ಎಂದು ತೀರ್ಮಾನಿಸಿದೆ. ಕೆಂಪು ಬಲ್ಬನ್ನು ಅಂದೇ ಕಿತ್ತೆಸೆದೆ. ಈ ಹಲ್ಲಿಗಳಿಗೆ ಬಣ್ಣ ನಮಗಿಂತ ಹೆಚ್ಚಾಗಿ ಕಾಣುತ್ತದೆ, ನೆತ್ತಿಯ ಮೇಲೆ ಬೆಳಕನ್ನು ಗುರುತಿಸುವ ಮೂರನೆಯ ಕಣ್ಣಿನಂಥ ಒಂದು ಅಂಗವೂ ಇದೆ. ರಾತ್ರಿಯೆಲ್ಲ ಕೆಂಪು ದೀಪ ಉರಿದರೆ ಅವುಗಳಿಗೆ ಕತ್ತಲೆಯೇ ಆಗುವುದಿಲ್ಲ.

ಪೆಟ್ಟಿಗೆ

ಮರಗೆಲಸ ವಿಶೇಷವಾದದ್ದೇನಲ್ಲ, ಬೇಗ ಹೇಳಿಬಿಡುತ್ತೇನೆ. ಹದಿನೆಂಟು ಮಿಲಿಮೀಟರ್ ದಪ್ಪದ ಪ್ಲೈವುಡ್, ಒಳಗಿನ ಅಳತೆ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ. ಹಲಗೆಗಳನ್ನು ಅಂಗಡಿಯಲ್ಲೇ ಕೊಯ್ಯಿಸಿ ತಂದು ಸ್ಕ್ರೂ ಹಾಕಿ ಕೂಡಿಸಿದೆ, ಒಳಮೂಲೆಗಳಿಗೆ ಅಕ್ವೇರಿಯಮ್ಮಿಗೆ ಬಳಸುವ ಸಿಲಿಕೋನ್ ತುಂಬಿದೆ, ನೀರು ಆಧಾರಿತ ವಾರ್ನಿಷನ್ನು ಮೂರು ಸಲ ಬಳಿದೆ. ಮುಂದೆ ಜಾರುವ ಎರಡು ಗಾಜು. ಹಿಂಬದಿಯ ಹಲಗೆಯಲ್ಲಿ ಗಾಳಿಗೆಂದು ಎರಡು ಕಿಂಡಿ: ತಣ್ಣನೆಯ ತುದಿಯಲ್ಲಿ ಕೆಳಗೆ ಒಂದು, ಬಿಸಿ ತುದಿಯಲ್ಲಿ ಮೇಲೆ ಒಂದು. ಬಿಸಿಗಾಳಿ ಮೇಲಿನಿಂದ ಹೊರಟಂತೆ ಕೆಳಗಿನಿಂದ ತಣ್ಣನೆಯ ಗಾಳಿ ತಾನಾಗಿ ಬರುತ್ತದೆ.

ಮರವೇ ಏಕೆ ಎಂದರೆ, ಗಾಜಿನ ಗೋಡೆ ಇಂಗ್ಲೆಂಡಿನ ಚಳಿಗೆ ಶಾಖವನ್ನು ನಿಲ್ಲಿಸಿಕೊಳ್ಳುವುದಿಲ್ಲ. ನಾಲ್ಕಡಿ ಉದ್ದವೇ ಏಕೆ ಎಂದರೆ, ಒಂದು ತುದಿ 40 ಡಿಗ್ರಿ ಇರುವಾಗ ಇನ್ನೊಂದು ತುದಿ 24ರಲ್ಲಿ ಉಳಿಯಲು ನಡುವೆ ಅಷ್ಟು ಅಂತರ ಬೇಕೇ ಬೇಕು. ಹಲ್ಲಿ ತನ್ನ ಮೈಯ ಕಾವನ್ನು ನಡೆದಾಡಿ ಹೊಂದಿಸಿಕೊಳ್ಳುತ್ತದೆ. ನಡೆಯಲು ಜಾಗವಿಲ್ಲದ ಗೂಡಿನಲ್ಲಿ ಆ ಆಯ್ಕೆಯನ್ನು ನಾವು ಅದರಿಂದ ಕಿತ್ತುಕೊಂಡಿರುತ್ತೇವೆ. ಇದರಲ್ಲಿ ರಾಜಿ ಮಾಡಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ವಾರ್ನಿಷ್ ವಾಸನೆ ಪೂರ್ತಿ ಹೋಗುವವರೆಗೆ, ಖಾಲಿ ಪೆಟ್ಟಿಗೆಯಲ್ಲಿ ದೀಪ ಉರಿಸಿ ಕಾಯಿಸುತ್ತಾ, ಎರಡು ವಾರ ಕಾದೆ. ಅಷ್ಟು ದಿನ ಕೆಂಚನನ್ನು ಹಾಗೇ ಬಿಡುವಂತಿರಲಿಲ್ಲವಾದ್ದರಿಂದ ಹೊಸ ಟ್ಯೂಬನ್ನು ಹಳೆಯ ತೊಟ್ಟಿಯ ಮೇಲೆ ತಾತ್ಕಾಲಿಕವಾಗಿ ಇಟ್ಟೆ. ಆಗ ಸಿಕ್ಕ ಒಂದು ಅಳತೆ ಎಲ್ಲರಿಗೂ ಉಪಯೋಗವಾದೀತು: ಒಂದೇ ದೂರದಲ್ಲಿ, ಜಾಲರಿ ಇದ್ದಾಗ ಸೂಚ್ಯಂಕ 2.9, ಜಾಲರಿ ತೆಗೆದಾಗ 4.6. ಕಣ್ಣಿಗೆ ಏನೂ ವ್ಯತ್ಯಾಸ ಕಾಣದ ಆ ತೆಳು ಜಾಲರಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ತಿನ್ನುತ್ತಿತ್ತು. ಹೊಸ ಪೆಟ್ಟಿಗೆಯಲ್ಲಿ ಟ್ಯೂಬನ್ನು ಒಳಗೇ, ಚಾವಣಿಯ ಹಲಗೆಗೇ ಬಿಗಿದದ್ದು ಇದಕ್ಕಾಗಿ.

ದೀಪ, ಟ್ಯೂಬ್, ಇಟ್ಟಿಗೆ

ಯುವಿಬಿಗೆ ಆರ್ಕೇಡಿಯ ಕಂಪನಿಯ, ಯುವಿಬಿ ಪಾಲನ್ನು ಸೂಚಿಸುವ 12 ಶೇಕಡಾ ಗುರುತಿನ, 39 ವ್ಯಾಟಿನ ಟಿ5 ಟ್ಯೂಬ್ ಆರಿಸಿದೆ. ಟಿ5 ಎಂದರೆ ಹದಿನಾರು ಮಿಲಿಮೀಟರ್ ದಪ್ಪದ ತೆಳು ಟ್ಯೂಬ್. ಹಳೆಯ ಟಿ8 ಟ್ಯೂಬಿಗಿಂತ ಪ್ರಖರ, ಬಾಳಿಕೆಯೂ ಹೆಚ್ಚು. ಉದ್ದ ಸುಮಾರು 85 ಸೆಂಟಿಮೀಟರ್, ಹಿಂದೆ ಹೊಳೆಯುವ ಪ್ರತಿಫಲಕ. ಅದನ್ನು ಬಿಸಿ ತುದಿಯ ಗೋಡೆಯಿಂದಲೇ ಶುರುವಾಗುವಂತೆ ಬಿಗಿದಾಗ ಪೆಟ್ಟಿಗೆಯ ಮುಕ್ಕಾಲು ಭಾಗದಷ್ಟು ಉದ್ದಕ್ಕೆ ಬರುತ್ತದೆ, ಕೊನೆಯ ಒಂದಡಿ ನೆರಳಾಗಿ ಉಳಿಯುತ್ತದೆ. ಅದರ ಪಕ್ಕದಲ್ಲೇ, ಬಿಸಿ ತುದಿಯ ಗೋಡೆಯಿಂದ 30 ಸೆಂಟಿಮೀಟರ್ ಒಳಗೆ, ಪಿಂಗಾಣಿ ಹೋಲ್ಡರಿನಲ್ಲಿ 75 ವ್ಯಾಟಿನ ಅಗಲ ಕಿರಣದ ಹ್ಯಾಲೊಜೆನ್ ದೀಪ, ಸುತ್ತ ಕೆಂಚ ಹಾರಿ ಮುಟ್ಟದಂತೆ ತಂತಿಯ ಬುಟ್ಟಿ. ಪ್ಲಾಸ್ಟಿಕ್ ಹೋಲ್ಡರನ್ನು ಇಲ್ಲಿ ಯಾರೂ ಬಳಸಬಾರದು, ಅದು ಕ್ರಮೇಣ ಕರಗುತ್ತದೆ. ವೈರ್ ಶಾಖ ತಡೆಯುವ ಸಿಲಿಕೋನ್ ಹೊದಿಕೆಯದು. ಇಡೀ ಗೂಡು ಎಳೆಯುವ ವಿದ್ಯುತ್ತು ಇನ್ನೂರು ವ್ಯಾಟಿಗಿಂತ ಕಡಿಮೆ ಇರುವುದರಿಂದ ಪ್ಲಗ್ಗಿನೊಳಗಿದ್ದ 13 ಆಂಪಿಯರ್ ಫ್ಯೂಸನ್ನು ತೆಗೆದು 3 ಆಂಪಿಯರಿನದನ್ನು ಹಾಕಿದೆ. ಜೋಡಣೆ ಮುಗಿದ ಮೇಲೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿದೆ. ಮರದ ಪೆಟ್ಟಿಗೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಉರಿಯುವ ದೀಪದ ವಿಷಯದಲ್ಲಿ ನನ್ನ ಕಣ್ಣಂದಾಜನ್ನು ನಾನು ನಂಬಲಿಲ್ಲ.

ದೀಪದ ಕೆಳಗೆ ಮೂರು ಇಟ್ಟಿಗೆ ಪೇರಿಸಿ ಅದರ ಮೇಲೆ ಅಗಲವಾದ ಒಂದು ಸ್ಲೇಟು ಕಲ್ಲು ಇಟ್ಟೆ. ನಮ್ಮ ಕಡೆಯ ಕಡಪಾ ಕಲ್ಲಿನಂತೆ ಕಪ್ಪಾಗಿ ಚಪ್ಪಟೆಯಾಗಿರುವ ಈ ಕಲ್ಲು ಮೇಲಿನಿಂದ ಬಂದ ಕಾವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಹೊಟ್ಟೆಗೂ ಹದವಾದ ಬಿಸಿ ತಾಗುತ್ತದೆ. ದೀಪ ಹಾಕಿ ಎರಡು ಗಂಟೆ ಬಿಟ್ಟು ಅಳೆದೆ. ಕಲ್ಲಿನ ಮೇಲ್ಮೈ 49 ಡಿಗ್ರಿ, ನೇರಳಾತೀತ ಸೂಚ್ಯಂಕ 6.9. ಎರಡೂ ಹೆಚ್ಚು.

ಸೂಚ್ಯಂಕ ಎಷ್ಟಿರಬೇಕೆಂಬುದಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಫರ್ಗುಸನ್ ವಲಯಗಳನ್ನು. ಗ್ಯಾರಿ ಫರ್ಗುಸನ್ ಮತ್ತು ಸಂಗಡಿಗರು ಕಾಡಿನಲ್ಲಿ ಸರೀಸೃಪಗಳು ತಾವೇ ಆರಿಸಿ ಕೂರುವ ಜಾಗಗಳಲ್ಲಿ ಸೂಚ್ಯಂಕವನ್ನು ಅಳೆದು, 2010ರಲ್ಲಿ ಅವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿದರು. ನೆರಳು ಮತ್ತು ಮುಸ್ಸಂಜೆಯ ಜೀವಿಗಳು ಮೊದಲನೆಯದರಲ್ಲಿ, ನಡುಬಿಸಿಲಿನಲ್ಲಿ ತಿರುಗುವವು ನಾಲ್ಕನೆಯದರಲ್ಲಿ. ಬಿಯರ್ಡೆಡ್ ಡ್ರ್ಯಾಗನನ್ನು ಮೂರನೆಯ ವಲಯದಲ್ಲಿ ಇರಿಸುತ್ತಾರೆ. ಮೈ ಕಾಯಿಸಿಕೊಳ್ಳುವ ಜಾಗದಲ್ಲಿ ನಾಲ್ಕರಿಂದ ಐದರ ಸುತ್ತ ಇರಲಿ, ಅಲ್ಲಿಂದ ನೆರಳಿನ ಸೊನ್ನೆಯವರೆಗೆ ಇಳಿಯುತ್ತ ಹೋಗಲಿ ಎಂಬುದು ನಾನು ಇಟ್ಟುಕೊಂಡ ಗುರಿ. ಹೆಚ್ಚಾದರೆ ಕಣ್ಣಿಗೂ ಚರ್ಮಕ್ಕೂ ಹಾನಿ, ಆದ್ದರಿಂದ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಎಣಿಕೆ ಇಲ್ಲಿ ನಡೆಯುವುದಿಲ್ಲ.

ಒಂದು ಇಟ್ಟಿಗೆ ತೆಗೆದೆ. ಇಲ್ಲಿನ ಇಟ್ಟಿಗೆಯ ದಪ್ಪ ಆರೂವರೆ ಸೆಂಟಿಮೀಟರ್. ಟ್ಯೂಬಿನಿಂದ ಅವನ ಬೆನ್ನಿಗೆ ಮೂವತ್ತು ಸೆಂಟಿಮೀಟರ್ ಇದ್ದ ದೂರ ಮೂವತ್ತೇಳಾಯಿತು, ಸೂಚ್ಯಂಕ 6.9ರಿಂದ 4.6ಕ್ಕೆ ಇಳಿಯಿತು. ಕಲ್ಲಿನ ಕಾವೂ 49ರಿಂದ 44ಕ್ಕೆ ಇಳಿಯಿತು. ಒಂದು ಇಟ್ಟಿಗೆಯಿಂದ ಎರಡೂ ಬದಲಾಗುತ್ತವೆ ಎಂಬುದನ್ನು ಕೆಲಸ ಮಾಡುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಕಲಿತ ಕ್ರಮವೆಂದರೆ, ಮೊದಲು ಎತ್ತರವನ್ನು ನೇರಳಾತೀತಕ್ಕೆ ಸರಿಮಾಡಿ ನಿಲ್ಲಿಸುವುದು, ಆಮೇಲೆ ಶಾಖವನ್ನು ದೀಪದ ವ್ಯಾಟಿನಿಂದಲೂ, ಉಷ್ಣತೆ ನೋಡಿ ದೀಪವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟಿನಿಂದಲೂ ಹೊಂದಿಸುವುದು. ಏಕೆಂದರೆ ಟ್ಯೂಬನ್ನು ಮಂದ ಮಾಡುವ ಗುಂಡಿ ಇಲ್ಲ, ದೀಪಕ್ಕೆ ಇದೆ. ಅಳತೆಯನ್ನು ಕಲ್ಲಿನ ಮಟ್ಟದಲ್ಲಿ ಮಾಡದೆ, ಪ್ರಾಣಿಯ ಬೆನ್ನು ಇರುವ ಮಟ್ಟದಲ್ಲಿ, ಅಂದರೆ ನಾಲ್ಕು ಸೆಂಟಿಮೀಟರ್ ಮೇಲೆ, ಮೀಟರ್ ಹಿಡಿದು ಮಾಡಬೇಕು. ಮಗಳು ಆಸೆಪಟ್ಟು ಇಟ್ಟಿದ್ದ ಎತ್ತರದ ಒಂದು ಕೊಂಬೆಯ ತುದಿಯಲ್ಲಿ ಸೂಚ್ಯಂಕ ಒಂಬತ್ತನ್ನು ದಾಟಿತು. ಅದನ್ನು ಅರ್ಧಕ್ಕೆ ಕೊಯ್ದು ತಣ್ಣನೆಯ ತುದಿಗೆ ಸಾಗಿಸಿದೆ.

ಕಣ್ಣಿಗೆ ಕಾಣುವ ಬೆಳಕು ಇನ್ನೂ ಸಾಲದೆನಿಸಿತು. ತೆರೆದ ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಸಮೀಪ ಇರುತ್ತದೆ, ಮನೆಯೊಳಗಿನ ಬೆಳಕು ಕೆಲವು ನೂರು ಮಾತ್ರ. ಹಗಲಿನ ಬಿಳುಪಿರುವ ಎಲ್‌ಇಡಿ ಪಟ್ಟಿಯೊಂದನ್ನು ಟ್ಯೂಬಿನ ಬದಿಗೆ ಸೇರಿಸಿದೆ. ಇದರಿಂದ ಶಾಖವಿಲ್ಲ, ಯುವಿಬಿ ಇಲ್ಲ, ಆದರೂ ಕೆಂಚನ ಓಡಾಟದಲ್ಲಿ ಆ ದಿನವೇ ಬದಲಾವಣೆ ಕಂಡಿತು.

ಮೊದಲ ಬೆಳಿಗ್ಗೆ

ಡಿಸೆಂಬರ್ ಎರಡನೆಯ ವಾರ, ಹೊರಗೆ ಎಂಟು ಗಂಟೆಯಾದರೂ ಬೆಳಕು ಸರಿಯಾಗಿ ಹರಿದಿರದ ಒಂದು ಬೆಳಿಗ್ಗೆ, ಟೈಮರ್ ಮೊದಲು ಎಲ್‌ಇಡಿಯನ್ನು, ಹತ್ತು ನಿಮಿಷದ ನಂತರ ಹ್ಯಾಲೊಜೆನ್ನನ್ನು, ಕೊನೆಗೆ ಟ್ಯೂಬನ್ನು ಹೊತ್ತಿಸಿತು. ಕೆಂಚ ತಣ್ಣನೆಯ ತುದಿಯಲ್ಲಿ ತೊಗಟೆಯ ಕೆಳಗೆ ಮಲಗಿದ್ದ. ತಲೆ ಹೊರಗೆ ಹಾಕಿ, ಒಂದು ಕಣ್ಣನ್ನು ಮೇಲಕ್ಕೆ ಹೊರಳಿಸಿ ದೀಪವನ್ನು ನೋಡಿದ. ನಂತರ ನಿಧಾನವಾಗಿ, ಹಿಂಗಾಲುಗಳನ್ನು ಸ್ವಲ್ಪ ಎಳೆಯುತ್ತಾ, ಕಲ್ಲಿನ ಮೇಲೇರಿದ. ಆಗ ಅವನ ಬೆನ್ನು ಕಪ್ಪಿಗೆ ಹತ್ತಿರದ ಕಂದು. ಪಕ್ಕೆಲುಬುಗಳನ್ನು ಅಗಲಿಸಿ ಮೈಯನ್ನು ತಟ್ಟೆಯಂತೆ ಚಪ್ಪಟೆ ಮಾಡಿ ಬೆಳಕಿನ ಕಡೆಗೆ ಓರೆಯಾಗಿ ಒಡ್ಡಿಕೊಂಡ. ಇಪ್ಪತ್ತೈದು ನಿಮಿಷಗಳಲ್ಲಿ ಕುತ್ತಿಗೆಯ ಕಡೆಯಿಂದ ಬಣ್ಣ ತಿಳಿಯಾಗುತ್ತ ಬಂದು ಇಡೀ ಬೆನ್ನು ಅವನ ಹೆಸರಿನ ಬಣ್ಣಕ್ಕೆ ತಿರುಗಿತು. ಆಮೇಲೆ ಬಾಯನ್ನು ಅರ್ಧ ತೆರೆದು ಸುಮ್ಮನೆ ಕೂತ. ಸಾಕಷ್ಟು ಕಾದಿದ್ದೇನೆ ಎಂಬುದರ ಗುರುತು ಅದು. ಅಷ್ಟು ಹೊತ್ತಿನ ನಂತರ ತಾನಾಗಿ ಇಳಿದು ನೆರಳಿಗೆ ಹೋದ. ಹಳೆಯ ಗೂಡಿನಲ್ಲಿ ಹನ್ನೊಂದು ದಿನವೂ ಅವನು ಹೀಗೆ ಹೋಗಿ ಬಂದು ಮಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಣ್ಣು ತುಂಬಿತು.

ಜನವರಿಯ ಅವಘಡ

ಶಾಖದ ನಿಯಂತ್ರಣಕ್ಕೆ ದೀಪವನ್ನು ಮಂದ ಮಾಡುವ ಬಗೆಯ ಥರ್ಮೋಸ್ಟಾಟ್ ಹಾಕಿದ್ದೆ. ಆನ್-ಆಫ್ ಬಗೆಯದು ಹ್ಯಾಲೊಜೆನ್ನನ್ನು ದಿನಕ್ಕೆ ನೂರಾರು ಸಲ ಆರಿಸಿ ಹೊತ್ತಿಸುತ್ತದೆ. ಪ್ರಾಣಿಗೂ ಕಿರಿಕಿರಿ, ದೀಪದ ಆಯಸ್ಸಿಗೂ ಕುಂದು. ಥರ್ಮೋಸ್ಟಾಟಿನ ಉಷ್ಣತೆ ಗ್ರಹಿಸುವ ತುದಿಯನ್ನು ಸ್ಲೇಟು ಕಲ್ಲಿನ ಅಂಚಿಗೆ ಟೇಪಿನಿಂದ ಅಂಟಿಸಿದ್ದೆ. ಅದು ನನ್ನ ತಪ್ಪು.

ಒಂದು ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕೆಂಚ ತಣ್ಣನೆಯ ತುದಿಯ ಗಾಜಿಗೆ ಮೈಯೊತ್ತಿಕೊಂಡು ನಿಂತಿದ್ದ, ಬಾಯಿ ಪೂರ್ತಿ ತೆರೆದಿತ್ತು. ಥರ್ಮಾಮೀಟರ್ ಹಿಡಿದು ನೋಡಿದರೆ ಕಲ್ಲು 57 ಡಿಗ್ರಿ. ಶಾಖಕ್ಕೆ ಟೇಪಿನ ಅಂಟು ಬಿಟ್ಟು, ಗ್ರಹಿಸುವ ತುದಿ ಜಾರಿ ನೆರಳಿನ ಮರಳಿನಲ್ಲಿ ಬಿದ್ದಿತ್ತು. ಅಲ್ಲಿ 24 ಡಿಗ್ರಿ ಇದೆ ಎಂದು ಓದಿದ ಥರ್ಮೋಸ್ಟಾಟ್ ದೀಪವನ್ನು ಪೂರ್ಣ ಶಕ್ತಿಯಲ್ಲಿ ಉರಿಸುತ್ತಿತ್ತು. ಪೆಟ್ಟಿಗೆ ನಾಲ್ಕಡಿ ಇದ್ದುದರಿಂದಲೇ ಅವನಿಗೆ ತಪ್ಪಿಸಿಕೊಳ್ಳುವ ಜಾಗವಿತ್ತು. ಹಳೆಯ ತೊಟ್ಟಿಯಲ್ಲಿ ಆಗಿದ್ದರೆ ಏನಾಗುತ್ತಿತ್ತೆಂದು ನೆನೆಸಿಕೊಳ್ಳಲು ಇಂದಿಗೂ ಭಯವಾಗುತ್ತದೆ.

ಅಂದೇ ಎರಡು ಬದಲಾವಣೆ ಮಾಡಿದೆ. ಗ್ರಹಿಸುವ ತುದಿಯನ್ನು, ಕಲ್ಲಿನ ಪಕ್ಕದ ಹಿಂಗೋಡೆಗೆ, ದೀಪದ ಕಿರಣದ ಅಂಚು ತಾಗುವ ಜಾಗದಲ್ಲಿ, ಎರಡು ಲೋಹದ ಕ್ಲಿಪ್ಪು ಮತ್ತು ಸ್ಕ್ರೂಗಳಿಂದ ಬಿಗಿದೆ. ಅಲ್ಲಿನ ಓದು ಕಲ್ಲಿನ ಮೇಲ್ಮೈಗಿಂತ ಆರು ಡಿಗ್ರಿ ಕಡಿಮೆ ಇರುವುದನ್ನು ಅಳೆದು ಥರ್ಮೋಸ್ಟಾಟನ್ನು 34ಕ್ಕೆ ಇಟ್ಟೆ, ಕಲ್ಲು 40ರಲ್ಲಿ ನಿಲ್ಲುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ: 75 ವ್ಯಾಟಿನ ದೀಪವನ್ನು ತೆಗೆದು 50 ವ್ಯಾಟಿನದನ್ನು ಹಾಕಿದೆ. ಕೋಣೆ 19 ಡಿಗ್ರಿ ಇರುವಾಗ ಈ ದೀಪ ಯಾವ ನಿಯಂತ್ರಣವೂ ಇಲ್ಲದೆ ಪೂರ್ತಿ ಉರಿದರೂ ಕಲ್ಲು 42 ಡಿಗ್ರಿಯನ್ನು ದಾಟುವುದಿಲ್ಲ. ಥರ್ಮೋಸ್ಟಾಟ್ ಕೆಟ್ಟರೂ ಪ್ರಾಣಿ ಉಳಿಯುವಂತಹ ದೀಪವನ್ನೇ ಆರಿಸಿ, ಥರ್ಮೋಸ್ಟಾಟನ್ನು ಬೇಸಿಗೆಯ ಬಿಸಿ ದಿನಗಳ ಕಾವಲಿಗೆ ಇಟ್ಟುಕೊಳ್ಳಬೇಕು. ದೊಡ್ಡ ದೀಪವನ್ನು ಸದಾ ಅದುಮಿ ಹಿಡಿಯುವ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬಾರದು. ಇನ್ನೊಂದು ಲಾಭವೂ ಆಯಿತು. ಹ್ಯಾಲೊಜೆನ್ನನ್ನು ಮಂದ ಮಾಡಿದಷ್ಟೂ ಅದರ ಬೆಳಕು ಕೆಂಪಾಗುತ್ತದೆ. ಚಿಕ್ಕ ದೀಪ ಪೂರ್ಣ ಶಕ್ತಿಗೆ ಹತ್ತಿರದಲ್ಲಿ ಉರಿಯುವುದರಿಂದ ಬೆಳಕು ಬಿಳುಪಾಗಿಯೇ ಇರುತ್ತದೆ.

ರಾತ್ರಿಯ ವಿಷಯದಲ್ಲಿ ಹೆಚ್ಚು ಮಾಡಲಿಲ್ಲ. ಆಸ್ಟ್ರೇಲಿಯದ ಒಣನೆಲದಲ್ಲೂ ರಾತ್ರಿ ತಂಪಾಗುತ್ತದೆ, ಈ ಹಲ್ಲಿಗಳಿಗೆ ಆ ಇಳಿತ ಒಳ್ಳೆಯದೇ. ಆದರೆ ನಮ್ಮ ಕೋಣೆ ಜನವರಿಯಲ್ಲಿ 14 ಡಿಗ್ರಿಗೆ ಇಳಿದ ದಿನಗಳಿದ್ದವು, ಅವನಾಗ ಇನ್ನೂ ನಿತ್ರಾಣನಾಗಿದ್ದ. ಹೀಗಾಗಿ 60 ವ್ಯಾಟಿನ ಸೆರಾಮಿಕ್ ಹೀಟರೊಂದನ್ನು ಪ್ರತ್ಯೇಕ ಥರ್ಮೋಸ್ಟಾಟಿನೊಂದಿಗೆ 18 ಡಿಗ್ರಿಗೆ ಇಟ್ಟೆ. ಏಪ್ರಿಲ್ ನಂತರ ಅದು ಒಮ್ಮೆಯೂ ಹೊತ್ತಿಲ್ಲ. ದೀಪ, ಟ್ಯೂಬ್, ಎಲ್‌ಇಡಿ ಎಲ್ಲ ಸೇರಿ ವಿದ್ಯುತ್ತು ದಿನಕ್ಕೆ ಒಂದು ಯೂನಿಟ್ಟಿಗಿಂತ ಚೂರು ಹೆಚ್ಚು ಆಗುತ್ತದೆ.

ಒಂದು ವರ್ಷದ ಓದು

ಗೂಡಿನ ಬಾಗಿಲ ಬದಿಗೆ ಒಂದು ನೋಟುಪುಸ್ತಕ ತೂಗುಹಾಕಿದ್ದೇನೆ. ವಾರಕ್ಕೊಮ್ಮೆ ಕಲ್ಲಿನ ಕಾವು, ಎರಡೂ ತುದಿಯ ಗಾಳಿಯ ಉಷ್ಣತೆ, ತಿಂಗಳಿಗೊಮ್ಮೆ ನೇರಳಾತೀತ ಸೂಚ್ಯಂಕ ಮತ್ತು ಕೆಂಚನ ತೂಕ. ನಮ್ಮಲ್ಲಿಗೆ ಬಂದಾಗ 292 ಗ್ರಾಂ ಇದ್ದವನು ಮಾರ್ಚಿನಲ್ಲಿ 331, ಜೂನಿನಲ್ಲಿ 386. ಜೂನಿನ ಎಕ್ಸ್‌ರೇಯಲ್ಲಿ ತೊಡೆಯ ಮೂಳೆಯ ಅಂಚು ಬಿಳಿ ಗೆರೆಯಾಗಿ ಮೂಡಿತ್ತು. ವೈದ್ಯೆ ಮತ್ತೆ ಅವನ ದವಡೆಯನ್ನು ಅದುಮಿ ನೋಡಿ, ಈ ಸಲ ನನ್ನ ಬೆರಳನ್ನೂ ಹಿಡಿದು ಅಲ್ಲಿಡಿಸಿದರು; ಗಟ್ಟಿಯಾಗಿತ್ತು. ಎಡ ಹಿಂಗಾಲಿನ ಸಣ್ಣ ಬಾಗು ಹಾಗೇ ಉಳಿದಿದೆ, ಅದು ಇನ್ನು ನೆಟ್ಟಗಾಗುವುದಿಲ್ಲ.

ಮೊದಲ ಹ್ಯಾಲೊಜೆನ್ ದೀಪ ಮೇ ತಿಂಗಳಿನಲ್ಲಿ ಸುಟ್ಟುಹೋಯಿತು. ಸಾಮಾನ್ಯ ಅಂಗಡಿಗಳಲ್ಲಿ ಈಗ ಎಲ್‌ಇಡಿಗಳೇ ತುಂಬಿಕೊಂಡು ಹ್ಯಾಲೊಜೆನ್ ಸಿಗುವುದು ಕಡಿಮೆಯಾಗಿದೆ, ಆದ್ದರಿಂದ ಎರಡು ದೀಪ ಸದಾ ಕಪಾಟಿನಲ್ಲಿರುತ್ತವೆ. ಟ್ಯೂಬ್ ಮಾತ್ರ ಹೀಗೆ ಸುಟ್ಟು ಸೂಚನೆ ಕೊಡುವುದಿಲ್ಲ. ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಾಣುತ್ತಿರುವಾಗ ಒಳಗೊಳಗೇ ಯುವಿಬಿ ಕ್ಷೀಣಿಸುತ್ತಿರುತ್ತದೆ. ಡಿಸೆಂಬರಿನಲ್ಲಿ 4.6 ಇದ್ದದ್ದು ಜೂನಿನಲ್ಲಿ 4.2, ಈ ವಾರ 3.7. ಟ್ಯೂಬಿನ ಬಿಳಿ ಮುಚ್ಚಳದ ಮೇಲೆ ಹಾಕಿದ ದಿನವನ್ನು ಅಳಿಸದ ಶಾಯಿಯಲ್ಲಿ ಬರೆದಿದ್ದೇನೆ. ಬರುವ ತಿಂಗಳು ಅದಕ್ಕೆ ವರ್ಷ ತುಂಬುತ್ತದೆ, ಹೊಸದನ್ನು ತರಿಸಿದ್ದೇನೆ. ಹೊಸ ಟ್ಯೂಬ್ ಮೊದಲ ದಿನಗಳಲ್ಲಿ ಸ್ವಲ್ಪ ಹೆಚ್ಚೇ ಪ್ರಖರವಾಗಿರುತ್ತದೆಯಾದ್ದರಿಂದ ಅದನ್ನು ಬೇರೆ ಕೋಣೆಯಲ್ಲಿ ನೂರು ಗಂಟೆ ಉರಿಸಿ, ಆಮೇಲೆ ಗೂಡಿಗೆ ಬಿಗಿದು, ಕೆಂಚನನ್ನು ಬಿಡುವ ಮೊದಲು ಬೆನ್ನಿನ ಮಟ್ಟದಲ್ಲಿ ಮತ್ತೆ ಅಳೆಯಬೇಕು. ಐದನ್ನು ದಾಟಿದರೆ ಮೇಲಿನ ಇಟ್ಟಿಗೆಯ ಜಾಗಕ್ಕೆ ಇಡಲು ನಾಲ್ಕು ಸೆಂಟಿಮೀಟರ್ ದಪ್ಪದ ಹಾಸುಗಲ್ಲೊಂದನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.